ಕ್ಲೈಂಟ್‌ಗೆ ಡೊಮೇನ್ ಮಾಡಿಸಿಕೊಡುವುದು ಹೇಗೆ: ಹೆಸರು ಹುಡುಕುವುದರಿಂದ ಬಿಟ್ಟುಕೊಡುವವರೆಗೆ

ಮಂಗಳೂರು, ಉಡುಪಿ ಕಡೆ ಹೋಟೆಲ್, ಹೋಮ್‌ಸ್ಟೇ, ಕ್ಲಿನಿಕ್, ಗೇರುಬೀಜದ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವವರು ಈ ಮಾತನ್ನು ಕೇಳಿಯೇ ಇರುತ್ತೀರಿ: ‘ಸೈಟ್ ಓಪನ್ ಆಗ್ತಾ ಇಲ್ಲ ಮಾರಾಯ್ರೆ. ಮೊದಲು ಮಾಡಿಕೊಟ್ಟ ಹುಡುಗ ದುಬೈಗೆ ಹೋಗಿದ್ದಾನೆ. ಡೊಮೇನ್ ಯಾರ ಹೆಸರಲ್ಲಿ ಉಂಟೋ ನಮಗೆ ಗೊತ್ತಿಲ್ಲ.’ ಆ ಹುಡುಗ ಕೆಟ್ಟವನೇನೂ ಅಲ್ಲ. ಕೆಲಸ ಬೇಗ ಮುಗಿಯಲಿ ಅಂತ ತನ್ನ ಅಕೌಂಟಿನಲ್ಲೇ, ತನ್ನ ಇಮೇಲ್ ಹಾಕಿ ಡೊಮೇನ್ (ಸೈಟಿನ ವಿಳಾಸದ ಹೆಸರು) ತೆಗೆದಿದ್ದ, ಅಷ್ಟೇ. ಆದರೆ ಅವನ ಕಾರ್ಡ್ ಅವಧಿ ಮುಗಿದ ವರ್ಷ ಅಂಗಡಿಯ ಸೈಟ್, ಇಮೇಲ್, ಬೋರ್ಡಿನ ಮೇಲೆ ಬರೆಸಿದ ವಿಳಾಸ ಎಲ್ಲವೂ ಒಟ್ಟಿಗೆ ನಿಂತುಹೋಗುತ್ತದೆ.

ಹಾಗಾಗಿ ಈ ಮಾರ್ಗದರ್ಶಿಯ ಎಲ್ಲ ಹಂತಗಳ ಹಿಂದೆ ಒಂದೇ ನಿಯಮ ಇದೆ. ಡೊಮೇನ್ ಮೊದಲ ದಿನದಿಂದಲೇ ಕ್ಲೈಂಟ್ ಹೆಸರಿನಲ್ಲಿ, ಕ್ಲೈಂಟ್ ಅಕೌಂಟಿನಲ್ಲಿ ಇರಬೇಕು. ನಾವು ಅದನ್ನು ನೋಡಿಕೊಳ್ಳುವವರು ಮಾತ್ರ. ತೋಟದ ಕೆಲಸ ಯಾರೇ ಮಾಡಲಿ, ಪಹಣಿಯಲ್ಲಿ ಇರುವುದು ಒಡೆಯನ ಹೆಸರೇ ಅಲ್ವಾ?

ಹಂತ 1: ಯಾರು ಯಾರು ಅಂತ ತಿಳಿದಿರಲಿ

ಡೊಮೇನ್ ‘ಕೊಂಡೆವು’ ಅಂತ ನಾವು ಹೇಳುತ್ತೇವೆ. ನಿಜವಾಗಿ ಸಿಗುವುದು ವರ್ಷದ ಲೆಕ್ಕದ ಹಕ್ಕು. ಒಮ್ಮೆಗೆ ಕಡಿಮೆ ಅಂದರೆ 1 ವರ್ಷ, ಜಾಸ್ತಿ ಅಂದರೆ 10 ವರ್ಷ.

ಎಲ್ಲ ಡಾಟ್ ಕಾಮ್ ಹೆಸರುಗಳ ಮೂಲ ಪಟ್ಟಿ ವೆರಿಸೈನ್ ಕಂಪನಿಯ ಹತ್ತಿರ ಇರುತ್ತದೆ. ಡಾಟ್ ಇನ್ ಪಟ್ಟಿ 2003ರಲ್ಲಿ ಶುರುವಾದ ನಿಕ್ಸಿ ಸಂಸ್ಥೆಯದು. ಇವರನ್ನು ರಿಜಿಸ್ಟ್ರಿ ಅಂತ ಕರೆಯುತ್ತಾರೆ. ಜನರಿಗೆ ಮಾರುವ ಕಂಪನಿ ರಿಜಿಸ್ಟ್ರಾರ್. ಅದರ ಕೈಕೆಳಗೆ ಮಾರುವವನು ರಿಸೆಲ್ಲರ್. ಯಾರ ಹೆಸರಿಗೆ ಡೊಮೇನ್ ಆಗುತ್ತದೋ ಅವರು ರಿಜಿಸ್ಟ್ರೆಂಟ್. ಜಗಳ ಬಂದಾಗ ಮೊದಲು ನೋಡುವುದು ಈ ರಿಜಿಸ್ಟ್ರೆಂಟ್ ಜಾಗದಲ್ಲಿ ಯಾರ ಹೆಸರಿದೆ ಅಂತ. ದುಡ್ಡು ಕೊಟ್ಟವರು ಯಾರು ಅನ್ನುವ ಪ್ರಶ್ನೆ ಆಮೇಲಿನದು.

ಹಂತ 2: ಈಗಾಗಲೇ ಒಂದು ಡೊಮೇನ್ ಇದೆಯಾ ನೋಡಿ

ಹತ್ತು ವರ್ಷದ ಹಿಂದೆ ಅಣ್ಣನ ಮಗ ಒಂದು ತೆಗೆದಿಟ್ಟಿರುತ್ತಾನೆ. ಅಂಗಡಿಯವರಿಗೆ ಅದು ನೆನಪೇ ಇರುವುದಿಲ್ಲ. ಆದ್ದರಿಂದ ವಿಸಿಟಿಂಗ್ ಕಾರ್ಡ್, ಹಳೆಯ ಬಿಲ್ ಬುಕ್, ಬೋರ್ಡ್, ಫೇಸ್‌ಬುಕ್ ಪುಟ ಎಲ್ಲ ಒಮ್ಮೆ ನೋಡಿ.

ಹೆಸರು ಸಿಕ್ಕರೆ ಅದರ ದಾಖಲೆ ತೆಗೆಯಿರಿ. ಡಾಟ್ ಕಾಮ್ ಥರದವಕ್ಕೆ, ಜಗತ್ತಿನ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟ ಇದೆ. ಮೊದಲು ಹೂಈಸ್ ಅಂತ ಇದ್ದ ವ್ಯವಸ್ಥೆಯ ಜಾಗಕ್ಕೆ 2025ರ ಜನವರಿಯಿಂದ ಆರ್‌ಡ್ಯಾಪ್ ಬಂದಿದೆ. ಡಾಟ್ ಇನ್ ಹೆಸರುಗಳನ್ನು ನಿಕ್ಸಿಯ ರಿಜಿಸ್ಟ್ರಿ ಪುಟದಲ್ಲೇ ಹುಡುಕಬಹುದು. ಎಷ್ಟೋ ಸಲ ಒಡೆಯನ ಹೆಸರು ಕಾಣುವುದಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಮಗೆ ಬೇಕಾದ್ದು ನಾಲ್ಕೇ: ಯಾವ ರಿಜಿಸ್ಟ್ರಾರ್, ಯಾವತ್ತು ಮುಗಿಯುತ್ತದೆ, ನೇಮ್‌ಸರ್ವರ್ (ಡೊಮೇನ್‌ನ ದಾಖಲೆಗಳು ಇರುವ ಕಡೆ) ಯಾರದ್ದು, ಬೇರೆ ಕಡೆ ಒಯ್ಯದಂತೆ ಲಾಕ್ ಇದೆಯಾ. ರಿಜಿಸ್ಟ್ರಾರ್ ಯಾರೆಂದು ಗೊತ್ತಾದರೆ ಕ್ಲೈಂಟ್‌ನ ಎಲ್ಲ ಇಮೇಲ್‌ಗಳಲ್ಲಿ ಆ ಹೆಸರು ಹಾಕಿ ಹುಡುಕಿಸಿ. ಹಳೆಯ ರಸೀದಿ ಯಾವುದಾದರೂ ಒಂದರಲ್ಲಿ ಸಿಗುವುದುಂಟು.

ಹಂತ 3: ಹೆಸರು

ಇಲ್ಲಿ ಆತುರ ಬೇಡ. ಒಂದಕ್ಷರ ತಪ್ಪಾದರೂ ತಿದ್ದಲು ಬರುವುದಿಲ್ಲ, ಇನ್ನೊಂದು ಹೊಸತನ್ನೇ ತೆಗೆಯಬೇಕು.

ನನ್ನ ಮೊದಲ ಪರೀಕ್ಷೆ ಫೋನಿನದು. ಹೆಸರನ್ನು ಫೋನಿನಲ್ಲಿ ಒಬ್ಬರಿಗೆ ಹೇಳಿ ಬರೆಯಿಸಿ. ನಮ್ಮ ಕಡೆಯ ಹೆಸರುಗಳನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದಾಗ ತೊಡಕು ಜಾಸ್ತಿ. ಕಾಮತ್ ಕೊನೆಯಲ್ಲಿ ‘ಎಚ್’ ಇದೆಯಾ? ಭಟ್ ಅನ್ನುವಲ್ಲಿ ಒಂದು ‘ಟಿ’ಯಾ, ಎರಡಾ? ಶೆಟ್ಟಿಯ ಕೊನೆಗೆ ‘ವೈ’ ಬರುತ್ತದಾ, ‘ಐ’ ಬರುತ್ತದಾ? ಒಂದೇ ಮನೆಯ ಇಬ್ಬರು ಎರಡು ಥರ ಬರೆಯುವುದೂ ಉಂಟು. ಇಂಥ ಹೆಸರು ಬೇಕೇ ಬೇಕು ಅಂತಾದರೆ ಎರಡೂ ಬರಹ ತೆಗೆದು, ಒಂದನ್ನು ಇನ್ನೊಂದಕ್ಕೆ ತಿರುಗಿಸಿಡಿ. ಖರ್ಚು ಸ್ವಲ್ಪ ಜಾಸ್ತಿ, ಆದರೆ ತಪ್ಪು ವಿಳಾಸ ಹೊಡೆದ ಗಿರಾಕಿ ಕೈತಪ್ಪುವುದಿಲ್ಲ.

ಊರಿನ ಹೆಸರು ಸೇರಿಸುವಾಗ ಇನ್ನೊಂದು ಯೋಚನೆ. ಮಂಗಳೂರಿನ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಗಲ್ಫ್‌ನಲ್ಲಿ, ಮುಂಬೈಯಲ್ಲಿ ಇರುವ ನಮ್ಮವರು ಈಗಲೂ ಹಳೆಯ ‘ಮ್ಯಾಂಗಲೋರ್’ ಅಂತಲೇ ಹೊಡೆದು ಹುಡುಕುತ್ತಾರೆ. ಅವರೇ ಮುಖ್ಯ ಗಿರಾಕಿಗಳಾದರೆ ಎರಡೂ ಬರಹ ಕೈಯಲ್ಲಿರಲಿ. ಇನ್ನು ಕಾಪು, ಮಲ್ಪೆ, ಪಣಂಬೂರು ಅಂತ ಒಂದು ಜಾಗದ ಹೆಸರನ್ನು ಕಟ್ಟಿಹಾಕುವ ಮೊದಲು ಬೇರೆ ಕಡೆ ಬ್ರಾಂಚ್ ಮಾಡುವ ಯೋಚನೆ ಇದೆಯಾ ಅಂತ ಕೇಳಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಹೈಫನ್ ಬೇಡ, ಅಂಕಿ ಬೇಡ. 63 ಅಕ್ಷರದವರೆಗೆ ಅವಕಾಶ ಇದ್ದರೂ 15 ದಾಟದೇ ಇದ್ದರೆ ಒಳ್ಳೆಯದು. ಸರ್ಕಾರದ ಟ್ರೇಡ್‌ಮಾರ್ಕ್ ಹುಡುಕಾಟದ ಪುಟದಲ್ಲಿ ಅದೇ ಹೆಸರು, ಅದೇ ವ್ಯಾಪಾರ ಇದೆಯಾ ನೋಡಿ. ಇದ್ದರೆ ಆ ಹೆಸರು ಬಿಟ್ಟುಬಿಡಿ. ಡಾಟ್ ಕಾಮ್‌ಗೆ 1999ರಿಂದ ಯುಡಿಆರ್‌ಪಿ ಅನ್ನುವ ವಿವಾದ ನಿಯಮ ಇದೆ, ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ ಇದೆ. ಟ್ರೇಡ್‌ಮಾರ್ಕ್ ಇರುವವರು ದೂರು ಕೊಟ್ಟು ಗೆದ್ದರೆ ಡೊಮೇನ್ ಅವರ ಪಾಲಾಗುತ್ತದೆ. ಹಾಗೆಯೇ ಹೆಸರು ಮೊದಲು ಬೇರೆಯವರ ಹತ್ತಿರ ಇತ್ತಾ ಅಂತ ಹಳೆಯ ಸೈಟ್‌ಗಳ ನಕಲು ಇಟ್ಟಿರುವ ವೇಬ್ಯಾಕ್ ಮಷೀನ್‌ನಲ್ಲಿ ನೋಡಿ. ಜೂಜಿನ ಸೈಟ್ ನಡೆಸಿ ಬಿಟ್ಟ ಹೆಸರನ್ನು ಮಕ್ಕಳ ಡಾಕ್ಟರ್ ಕ್ಲಿನಿಕ್‌ಗೆ ತೆಗೆಯುವುದು ಬೇಡ.

ಹಂತ 4: ಡಾಟ್ ಆದಮೇಲೆ ಏನು?

ಇಲ್ಲಿನ ವ್ಯಾಪಾರಕ್ಕೆ ಡಾಟ್ ಕಾಮ್ ಅಥವಾ ಡಾಟ್ ಇನ್ ಸಾಕು. 2005ರಲ್ಲಿ ಎಲ್ಲರಿಗೂ ತೆರೆದ ಮೇಲೆ ಡಾಟ್ ಇನ್ ಜನರಿಗೆ ಚೆನ್ನಾಗಿ ಪರಿಚಯ ಆಗಿದೆ. ಎರಡೂ ಖಾಲಿ ಇದ್ದರೆ ಎರಡನ್ನೂ ತೆಗೆಸಿ. ಮೊದಲ ವರ್ಷ ತೀರಾ ಅಗ್ಗ ಅಂತ ಬರುವ ಹೊಸ ಹೊಸ ಬಾಲಗಳ ಎರಡನೇ ವರ್ಷದ ಬೆಲೆ ನೋಡದೆ ಕೈ ಹಾಕಬೇಡಿ.

ಕಾಲೇಜು, ಶಾಲೆಯವರು ಬಂದರೆ ಎಸಿ ಡಾಟ್ ಇನ್, ಎಜು ಡಾಟ್ ಇನ್ ಬಗ್ಗೆ ಕೇಳುತ್ತಾರೆ. ಅವು ಅಂಗಡಿಯಲ್ಲಿ ಸಿಗುವ ವಸ್ತು ಅಲ್ಲ. ಅರ್ನೆಟ್ ಇಂಡಿಯಾ ಮೂಲಕ ಸಂಸ್ಥೆಯ ಮಾನ್ಯತೆಯ ದಾಖಲೆ ಕೊಟ್ಟು ಅರ್ಜಿ ಹಾಕಬೇಕು. ಸಮಯ ಹಿಡಿಯುತ್ತದೆ, ಅಡ್ಮಿಷನ್ ಸೀಸನ್‌ಗೆ ಮೊದಲೇ ಶುರು ಮಾಡಿ.

ಬ್ಯಾಂಕಿನ ವಿಚಾರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕ್ ಶುರುವಾದದ್ದು 1925ರಲ್ಲಿ, ಉಡುಪಿಯಲ್ಲಿ. ಇಂಥ ನೆಲದಲ್ಲಿ ಸೌಹಾರ್ದ ಸಹಕಾರಿ, ಕ್ರೆಡಿಟ್ ಸೊಸೈಟಿಗಳೂ ಬೇಕಾದಷ್ಟಿವೆ. ಅವರು ಸೈಟ್ ಮಾಡಿಸಲು ಬಂದಾಗ ಹೆಸರಿನಲ್ಲಿ ‘ಬ್ಯಾಂಕ್’ ಸೇರಿಸಿ ಅಂತ ಕೇಳಬಹುದು. ಸೇರಿಸಬೇಡಿ. ಬ್ಯಾಂಕಿಂಗ್ ಲೈಸೆನ್ಸ್ ಇಲ್ಲದ ಸಹಕಾರ ಸಂಘ ಆ ಪದ ಬಳಸುವುದಕ್ಕೆ ಕಾನೂನಿನ ಅಡ್ಡಿ ಇದೆ. ನಿಜವಾದ ಬ್ಯಾಂಕುಗಳಿಗೆ ಈಗ ಬ್ಯಾಂಕ್ ಡಾಟ್ ಇನ್ ಅನ್ನುವ ಬೇರೆಯೇ ಜಾಗ ಇದೆ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಅದನ್ನು ಕೊಡುವುದು ರಿಸರ್ವ್ ಬ್ಯಾಂಕ್ ಕಟ್ಟಿದ ಐಡಿಆರ್‌ಬಿಟಿ ಸಂಸ್ಥೆ ಮಾತ್ರ. ನಿಮ್ಮ ಕ್ಲೈಂಟ್ ಸಹಕಾರಿ ಬ್ಯಾಂಕ್ ಆಗಿದ್ದರೆ ಅಲ್ಲಿಗೇ ಕಳಿಸಿ.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಅಂತಲೂ ಹೆಸರು ಸಿಗುತ್ತದೆ. ಯಕ್ಷಗಾನ ಮೇಳ, ಸಾಹಿತ್ಯದ ಸಂಘಕ್ಕೆ ನಾನು ಖುಷಿಯಿಂದ ತೆಗೆಸಿಕೊಡುತ್ತೇನೆ. ಬ್ರೌಸರ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಇಮೇಲ್ ವಿಳಾಸವಾಗಿ ಎಷ್ಟೋ ಫಾರ್ಮ್‌ಗಳು ಅದನ್ನು ಒಪ್ಪುವುದಿಲ್ಲ. ಹಾಗಾಗಿ ಜೊತೆಗೆ ಇಂಗ್ಲಿಷ್ ಅಕ್ಷರದ್ದೂ ಒಂದಿರಲಿ.

ಹಂತ 5: ಅಕೌಂಟ್

ಇಡೀ ಕೆಲಸದಲ್ಲಿ ಇದೇ ದೊಡ್ಡದು. ಕ್ಲೈಂಟ್ ಜೊತೆ ಅವರ ಅಂಗಡಿಯಲ್ಲೇ ಕೂತು ಮಾಡಿ.

ಮೊದಲು ಇಮೇಲ್. ಅವರ ಜಿಮೇಲ್ ಅನ್ನು ಮೊಬೈಲ್ ಅಂಗಡಿಯವನು ಮಾಡಿಕೊಟ್ಟಿರುತ್ತಾನೆ, ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಹಾಗಿದ್ದರೆ ವ್ಯಾಪಾರದ ಹೆಸರಿನಲ್ಲಿ ಹೊಸತೊಂದು ಮಾಡಿಸಿ. ರಿಕವರಿ ಫೋನ್ ಅವರದೇ ಇರಲಿ. ಯಾವ ಡೊಮೇನ್ ತೆಗೆಯುತ್ತೀರೋ ಅದೇ ಡೊಮೇನ್‌ನ ಇಮೇಲನ್ನು ರಿಜಿಸ್ಟ್ರಾರ್ ಅಕೌಂಟಿಗೆ ಕೊಡಬೇಡಿ. ಡೊಮೇನ್ ನಿಂತರೆ ಇಮೇಲೂ ನಿಲ್ಲುತ್ತದೆ. ಆಮೇಲೆ ಒಳಗೆ ಹೋಗುವ ದಾರಿಯೇ ಇರುವುದಿಲ್ಲ.

ಆ ಇಮೇಲ್ ಹಾಕಿ ಕ್ಲೈಂಟ್ ಹೆಸರಿನಲ್ಲಿ ರಿಜಿಸ್ಟ್ರಾರ್ ಅಕೌಂಟ್ ತೆರೆಯಿರಿ. ಎರಡು ಹಂತದ ಲಾಗಿನ್ ಹಾಕಿ. ರಿಕವರಿ ಕೋಡ್‌ಗಳನ್ನು ಪ್ರಿಂಟ್ ತೆಗೆದು ಅಂಗಡಿಯ ಲೈಸೆನ್ಸ್, ಜಿಎಸ್‌ಟಿ ಕಾಗದ ಇಡುವ ಫೈಲಿನಲ್ಲೇ ಇಡಿಸಿ. ವಾಟ್ಸಾಪ್‌ನಲ್ಲಿ ಪಾಸ್‌ವರ್ಡ್ ಕಳಿಸುವ ಅಭ್ಯಾಸ ಬಿಡಿ. ದೊಡ್ಡ ರಿಜಿಸ್ಟ್ರಾರ್‌ಗಳಲ್ಲಿ ಬೇರೆಯವರಿಗೆ ನಿರ್ವಹಣೆಯ ಅನುಮತಿ ಕೊಡುವ ವ್ಯವಸ್ಥೆ ಇರುತ್ತದೆ. ನಿಮ್ಮ ಇಮೇಲ್ ಅಲ್ಲಿ ಸೇರಿಸಿಕೊಂಡರೆ ಅವರ ಪಾಸ್‌ವರ್ಡ್ ನಿಮಗೆ ಬೇಕಾಗುವುದೇ ಇಲ್ಲ.

ದೇವಸ್ಥಾನ, ಯುವಕ ಮಂಡಲ, ಟ್ರಸ್ಟ್ ಆದರೆ ಇನ್ನೂ ಜಾಗ್ರತೆ ಬೇಕು. ಅಧ್ಯಕ್ಷರ ಸ್ವಂತ ಇಮೇಲ್ ಹಾಕಿದರೆ ಸಮಿತಿ ಬದಲಾದ ಮೇಲೆ ಕೇಳುವುದು ಕಷ್ಟ. ರಿಜಿಸ್ಟ್ರೆಂಟ್ ಅಂತ ಸಂಸ್ಥೆಯ ನೋಂದಾಯಿತ ಹೆಸರು ಹಾಕಿ. ಇಮೇಲ್ ಸಂಸ್ಥೆಯದೇ ಇರಲಿ, ಇಬ್ಬರ ಕೈಯಲ್ಲಿ ಇರಲಿ. ಸಮಿತಿಯ ಮೀಟಿಂಗ್‌ನಲ್ಲಿ ಒಂದು ಸಾಲು ನಿರ್ಣಯ ಬರೆಸಿದರೆ ಮುಂದಿನವರಿಗೆ ಒಪ್ಪಿಸುವುದು ಸುಲಭ.

ಹಂತ 6: ಖರೀದಿ

ಕ್ಲೈಂಟ್ ಕಾರ್ಡ್ ಅಥವಾ ಯುಪಿಐನಿಂದಲೇ ಕಟ್ಟಿಸಿ. ಕಟ್ಟುವ ಮೊದಲು ಕಾರ್ಟ್ ಪೂರ್ತಿ ಓದಿ. ಕೇಳದೇ ಇದ್ದ ಹೋಸ್ಟಿಂಗ್ (ಸೈಟ್ ಇಡುವ ಸರ್ವರ್ ಜಾಗ), ಸೈಟ್ ಬಿಲ್ಡರ್, ಇಮೇಲ್ ಪ್ಯಾಕ್‌ಗಳ ಟಿಕ್ ಇದ್ದರೆ ತೆಗೆಯಿರಿ. ಡಾಟ್ ಇನ್‌ಗೆ ಒಡೆಯರ ವಿವರ ಮರೆಮಾಡುವ ಪ್ರೈವಸಿ ಸೇವೆ ಬಳಸಲು ನಿಕ್ಸಿ ಬಿಡುವುದಿಲ್ಲ, ಅದಕ್ಕೆ ದುಡ್ಡು ಕೊಡಬೇಡಿ. ಡಾಟ್ ಕಾಮ್‌ಗೆ ತುಂಬ ಕಡೆ ಅದು ಉಚಿತವಾಗಿಯೇ ಸಿಗುತ್ತದೆ.

ಬೆಲೆಯ ಬಗ್ಗೆ ಮೊದಲೇ ಮಾತಾಡಿ. 2024ರ ಸೆಪ್ಟೆಂಬರ್‌ನಿಂದ ಡಾಟ್ ಕಾಮ್‌ಗೆ ವೆರಿಸೈನ್ ರಿಜಿಸ್ಟ್ರಾರ್‌ಗಳಿಂದ ತೆಗೆದುಕೊಳ್ಳುವ ದರವೇ ವರ್ಷಕ್ಕೆ 10.26 ಡಾಲರ್. ಅದಕ್ಕಿಂತ ಎಷ್ಟೋ ಕಡಿಮೆಗೆ ಸಿಕ್ಕಿದರೆ ಅದು ಮೊದಲ ವರ್ಷದ ಆಸೆ ತೋರಿಸುವ ಬೆಲೆ. ಕೊಟೇಶನ್‌ನಲ್ಲಿ ನವೀಕರಣದ ದರ ಬರೆಯಿರಿ. ಮೇಲೆ 18% ಜಿಎಸ್‌ಟಿ ಇದೆ. ಕ್ಲೈಂಟ್‌ಗೆ ಜಿಎಸ್‌ಟಿ ನಂಬರ್ ಇದ್ದರೆ ಬಿಲ್ಲಿನಲ್ಲಿ ಅದು ಬರುವಂತೆ ಮಾಡಿ, ಅವರ ಅಕೌಂಟೆಂಟ್ ಖುಷಿಪಡುತ್ತಾರೆ.

ಖರೀದಿ ಆದ ಕೂಡಲೇ ಇಮೇಲ್ ದೃಢೀಕರಿಸುವ ಲಿಂಕ್ ಬರುತ್ತದೆ. ಡಾಟ್ ಕಾಮ್ ಥರದವುಗಳಿಗೆ 15 ದಿನದೊಳಗೆ ಅದನ್ನು ಒತ್ತದೇ ಇದ್ದರೆ ಡೊಮೇನ್ ನಿಲ್ಲಿಸಿಬಿಡುತ್ತಾರೆ. ಸೈಟ್ ಉದ್ಘಾಟನೆ ಆದ ಮರುವಾರ ಸುಮ್ನೆ ಸೈಟ್ ಮಾಯ ಆಯಿತು ಅಂದರೆ ಮೊದಲು ಇದನ್ನೇ ನೋಡಿ. ಡಾಟ್ ಇನ್‌ಗೆ ಗುರುತಿನ ದಾಖಲೆ ಕೇಳಿದರೆ ಒಡೆಯರದ್ದೇ ಕೊಡಿಸಿ, ನಿಮ್ಮ ಆಧಾರ್ ಹಾಕಬೇಡಿ. ಕೊನೆಗೆ ಟ್ರಾನ್ಸ್‌ಫರ್ ಲಾಕ್ ಹಾಕಿದೆಯಾ ಅಂತ ನೋಡಿ ಎದ್ದೇಳಿ.

ಹಂತ 7: ಡಿಎನ್‌ಎಸ್ ಮತ್ತು ಇಮೇಲ್

ಡಿಎನ್‌ಎಸ್ ಅಂದರೆ ಡೊಮೇನ್ ಹೆಸರನ್ನು ಸರಿಯಾದ ಸರ್ವರ್‌ಗೆ ಸೇರಿಸುವ ವ್ಯವಸ್ಥೆ. ನೇಮ್‌ಸರ್ವರ್ ಅಂದರೆ ಡೊಮೇನ್‌ನ ದಾಖಲೆಗಳು ಎಲ್ಲಿವೆ ಅಂತ ಹೇಳುವ ಗುರುತು. ಅದನ್ನು ಹೋಸ್ಟಿಂಗ್ ಕಂಪನಿಗೆ ಕೊಡದೆ ರಿಜಿಸ್ಟ್ರಾರ್ ಹತ್ತಿರವೋ, ಕ್ಲೌಡ್‌ಫ್ಲೇರ್ ಥರದ ಬೇರೆ ಡಿಎನ್‌ಎಸ್ ಸೇವೆಯಲ್ಲೋ ಇಡುವುದು ನನಗೆ ಇಷ್ಟ. ನಾಳೆ ಹೋಸ್ಟಿಂಗ್ ಬದಲಾಯಿಸಿದರೆ ಒಂದೆರಡು ದಾಖಲೆ ಬದಲಾಯಿಸಿದರೆ ಮುಗಿಯಿತು, ಇಮೇಲ್ ಮುಟ್ಟುವುದೇ ಬೇಡ. ಕ್ಲೌಡ್‌ಫ್ಲೇರ್ ಅಕೌಂಟ್ ಕೂಡ ಕ್ಲೈಂಟ್‌ದೇ ಇರಬೇಕು, ನೀವು ಅದರಲ್ಲಿ ಸದಸ್ಯ.

ಎ ದಾಖಲೆ ಸರ್ವರ್‌ನ ಐಪಿ ವಿಳಾಸ ಹೇಳುತ್ತದೆ. ಸಿನೇಮ್ ಒಂದು ಹೆಸರನ್ನು ಇನ್ನೊಂದು ಹೆಸರಿಗೆ ಕಟ್ಟುತ್ತದೆ. ಮುಖ್ಯ ಡೊಮೇನ್‌ಗೆ ನೇರವಾಗಿ ಸಿನೇಮ್ ಹಾಕಲು ಬರುವುದಿಲ್ಲ, ಮುಂದೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವುದಕ್ಕೆ ಹಾಕಬಹುದು. ಎಂಎಕ್ಸ್ ಇಮೇಲ್ ಎಲ್ಲಿಗೆ ಬರಬೇಕು ಅಂತ ಹೇಳುತ್ತದೆ. ಹೊಸ ಸೈಟ್ ಏರಿಸುವ ಗಡಿಬಿಡಿಯಲ್ಲಿ ನೇಮ್‌ಸರ್ವರ್ ಬದಲಾಯಿಸಿ ಎಂಎಕ್ಸ್ ನಕಲು ಮಾಡಲು ಮರೆತರೆ ಸೈಟ್ ಚೆಂದ ಕಾಣುತ್ತದೆ, ಆದರೆ ಹೋಮ್‌ಸ್ಟೇಯ ಬುಕಿಂಗ್ ಮೇಲ್‌ಗಳು ಬರುವುದು ನಿಲ್ಲುತ್ತದೆ. ಏನನ್ನೇ ಮುಟ್ಟುವ ಮೊದಲು ಇರುವ ಎಲ್ಲ ದಾಖಲೆಗಳ ಸ್ಕ್ರೀನ್‌ಶಾಟ್ ತೆಗೆದಿಡಿ.

ಹೋಸ್ಟಿಂಗ್ ಬದಲಾಯಿಸುವ ಹಿಂದಿನ ದಿನ ಟಿಟಿಎಲ್ ಅನ್ನು (ಹಳೆಯ ದಾಖಲೆಯನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಅನ್ನುವ ಸಮಯ) 300 ಸೆಕೆಂಡಿಗೆ ಇಳಿಸಿ. ಮರುದಿನ ಐಪಿ ಬದಲಾಯಿಸಿದರೆ ಕೆಲವೇ ನಿಮಿಷದಲ್ಲಿ ಜನ ಹೊಸ ಜಾಗಕ್ಕೆ ಬರುತ್ತಾರೆ. ನೇಮ್‌ಸರ್ವರೇ ಬದಲಾದರೆ ಮಾತ್ರ 48 ಗಂಟೆಯವರೆಗೂ ಕಾಯಬೇಕಾಗಬಹುದು. ಡಿಎನ್‌ಎಸ್‌ಸೆಕ್ (ದಾಖಲೆಗಳು ಅಸಲಿ ಅಂತ ಖಾತ್ರಿಪಡಿಸುವ ಭದ್ರತೆ) ಹಾಕಿದ್ದರೆ ಮೊದಲು ಅದರ ಡಿಎಸ್ ದಾಖಲೆ ಅಳಿಸಿಹಾಕಿ, ಇಲ್ಲದಿದ್ದರೆ ಸೈಟ್ ತೆರೆಯುವುದೇ ಇಲ್ಲ. ಅಷ್ಟಮಿ, ಪರ್ಯಾಯ, ದಸರಾ ಸಮಯದಲ್ಲಿ ಹೋಟೆಲ್‌ನವರ ಡಿಎನ್‌ಎಸ್ ಮುಟ್ಟಲು ಹೋಗಬೇಡಿ.

ಡೊಮೇನ್ ಹೆಸರಿನ ಇಮೇಲ್ ಇದ್ದರೆ, ಮೇಲ್ ನಿಜವಾಗಿ ಅವರಿಂದಲೇ ಬಂದದ್ದು ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆ ಮೂರೂ ಹಾಕಿ. ಇಲ್ಲದಿದ್ದರೆ ಕೊಟೇಶನ್‌ಗಳು ಸ್ಪ್ಯಾಮ್‌ಗೆ ಬೀಳುತ್ತವೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿ ಮಾಡಿವೆ. ಒಂದು ಡೊಮೇನ್‌ಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಎರಡು ಸೇವೆ ಬಳಸುತ್ತಿದ್ದರೆ ಎರಡನ್ನೂ ಅದೇ ಸಾಲಿನೊಳಗೆ ಸೇರಿಸಿ, ಬೇರೆ ಸಾಲು ಮಾಡಿದರೆ ಎರಡೂ ಕೆಡುತ್ತವೆ. ಡಿಮಾರ್ಕ್ ಅನ್ನು ಮೊದಲು ಬರೀ ವರದಿ ತರಿಸುವ ಮಟ್ಟದಲ್ಲಿ ಇಟ್ಟು, ಎಲ್ಲ ಸರಿ ಇದೆ ಅಂತ ಕಂಡ ಮೇಲೆ ಬಿಗಿ ಮಾಡಿ.

ಹಂತ 8: ನವೀಕರಣ

ಒಂದು ಶೀಟ್ ಮಾಡಿ. ಡೊಮೇನ್, ರಿಜಿಸ್ಟ್ರಾರ್, ಮುಗಿಯುವ ದಿನ, ಲಾಗಿನ್ ಇಮೇಲ್ ಯಾರದ್ದು, ಡಿಎನ್‌ಎಸ್ ಎಲ್ಲಿ, ಇಮೇಲ್ ಎಲ್ಲಿ, ಯಾರು ಕಟ್ಟುತ್ತಾರೆ. ಪಾಸ್‌ವರ್ಡ್ ಇದರಲ್ಲಿ ಬೇಡ.

ಆಟೋ ರಿನ್ಯೂ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ಮೊದಲೇ ಕೊಡುವ ಒಪ್ಪಿಗೆ) ನಿಯಮ ಇದೆ. ಆ ಒಪ್ಪಿಗೆ ಸರಿಯಾಗಿ ಆಗಿರದಿದ್ದರೆ ಕಾರ್ಡಿನಿಂದ ತಾನಾಗಿ ದುಡ್ಡು ಕಡಿತ ಆಗುವುದಿಲ್ಲ. ವಿದೇಶದ ರಿಜಿಸ್ಟ್ರಾರ್ ಆದರೆ ಈ ತೊಂದರೆ ಜಾಸ್ತಿ. ಹಾಗಾಗಿ ಮುಗಿಯುವುದಕ್ಕೆ 60 ದಿನ, 30 ದಿನ, 7 ದಿನ ಇರುವಾಗ ಕ್ಯಾಲೆಂಡರ್ ನಿಮಗೆ ನೆನಪಿಸುವಂತೆ ಮಾಡಿ, 30 ದಿನ ಇರುವಾಗಲೇ ಕಟ್ಟಿಸಿಬಿಡಿ. ಮೊದಲೇ ಕಟ್ಟಿದರೆ ದಿನ ನಷ್ಟ ಆಗುವುದಿಲ್ಲ, ಹಳೆಯ ದಿನಾಂಕಕ್ಕೇ ಒಂದು ವರ್ಷ ಸೇರುತ್ತದೆ. ವ್ಯಾಪಾರ ಗಟ್ಟಿ ಇರುವವರಿಗೆ ಒಟ್ಟಿಗೆ 5 ವರ್ಷ ಮಾಡಿಸಿ.

ತಪ್ಪಿಹೋದರೆ ಏನಾಗುತ್ತದೆ? ಡಾಟ್ ಕಾಮ್ ಥರದ ಹೆಸರುಗಳಿಗೆ ರಿಜಿಸ್ಟ್ರಾರ್ ಸುಮಾರು ಒಂದು ತಿಂಗಳು ಮೊದಲು, ಒಂದು ವಾರ ಮೊದಲು, ಮತ್ತೆ ಮುಗಿದು 5 ದಿನದೊಳಗೆ ನೆನಪೋಲೆ ಕಳಿಸಲೇಬೇಕು. ಆಮೇಲೆ ಸೈಟ್ ನಿಲ್ಲುತ್ತದೆ. ಮುಗಿದ ಮೇಲೆ 45 ದಿನದವರೆಗೆ ಮಾಮೂಲಿ ಬೆಲೆಗೆ ಉಳಿಸಿಕೊಳ್ಳುವ ಅವಕಾಶ ಇರಬಹುದು, ಎಷ್ಟು ದಿನ ಅನ್ನುವುದು ರಿಜಿಸ್ಟ್ರಾರ್ ಕೈಯಲ್ಲಿದೆ. ಅಷ್ಟರಲ್ಲೇ ಹರಾಜಿಗೆ ಹಾಕುವವರೂ ಇದ್ದಾರೆ. ಆಮೇಲೆ 30 ದಿನ ರಿಡೆಂಪ್ಷನ್. ಆಗ ಬಿಡಿಸಿಕೊಳ್ಳಲು ದೊಡ್ಡ ದಂಡ ಬೀಳುತ್ತದೆ. ಕೊನೆಗೆ 5 ದಿನ ಯಾರೂ ಏನೂ ಮಾಡುವಂತಿಲ್ಲ, ಆಮೇಲೆ ಹೆಸರು ಯಾರ ಪಾಲಿಗಾದರೂ ಹೋಗಬಹುದು.

ಅಂಗಡಿಯ ಹೆಸರು ಬದಲಾದರೂ ಹಳೆಯ ಡೊಮೇನ್ ಕೆಲವು ವರ್ಷ ಕಟ್ಟುತ್ತಾ ಇರಿ. ಬಿಟ್ಟ ಡೊಮೇನನ್ನು ಬೇರೆಯವರು ತೆಗೆದರೆ ಹಳೆಯ ವಿಳಾಸಕ್ಕೆ ಬರುವ ಮೇಲ್ ಎಲ್ಲ ಅವರಿಗೇ ಹೋಗುತ್ತದೆ, ಪಾಸ್‌ವರ್ಡ್ ಬದಲಾಯಿಸುವ ಲಿಂಕ್‌ಗಳೂ ಸೇರಿ.

ಇನ್ನೊಂದು ಮಾತು ಕ್ಲೈಂಟ್‌ಗೆ ಹೇಳಿಡಿ. ‘ನಿಮ್ಮ ಡೊಮೇನ್ ಮುಗಿಯುತ್ತಿದೆ, ಇಲ್ಲಿ ಕಟ್ಟಿ’ ಅಂತ ಗೊತ್ತಿಲ್ಲದ ಕಂಪನಿಗಳಿಂದ ಮೇಲ್, ಫೋನ್ ಬರುತ್ತವೆ. ಅಂಥದ್ದು ಬಂದರೆ ಕಟ್ಟದೆ ಮೊದಲು ನಿಮಗೆ ಫೋನ್ ಮಾಡಲಿ.

ಹಂತ 9: ಹಳೆಯವರ ಕೈಯಿಂದ ತೆಗೆದುಕೊಳ್ಳುವುದು

ಹಳೆಯ ಡಿಸೈನರ್ ಹತ್ತಿರ ಡೊಮೇನ್ ಇದ್ದರೆ ಜಗಳದಿಂದ ಶುರು ಮಾಡಬೇಡಿ. ಕ್ಲೈಂಟ್ ಕೈಯಿಂದಲೇ ಮರ್ಯಾದೆಯ ಒಂದು ಮೇಲ್ ಬರೆಸಿ, ಬಾಕಿ ಇದ್ದರೆ ಕೊಡಿಸಿ. ಅವರು ಒಪ್ಪಿದರೆ ಅದೇ ರಿಜಿಸ್ಟ್ರಾರ್‌ನಲ್ಲಿ ಕ್ಲೈಂಟ್‌ಗೆ ಅಕೌಂಟ್ ತೆರೆದು ಒಳಗಿಂದೊಳಗೇ ವರ್ಗ ಮಾಡಿಸುವುದು ಎಲ್ಲಕ್ಕಿಂತ ಸುಲಭ.

ಬೇರೆ ರಿಜಿಸ್ಟ್ರಾರ್‌ಗೆ ಒಯ್ಯುವುದಾದರೆ ಕ್ರಮ ಹೀಗೆ. ಡಿಎನ್‌ಎಸ್ ದಾಖಲೆಗಳ ನಕಲು ತೆಗೆಯಿರಿ. ಹಳೆಯ ರಿಜಿಸ್ಟ್ರಾರ್‌ನ ನೇಮ್‌ಸರ್ವರೇ ಇದ್ದರೆ ಮೊದಲು ಅದನ್ನು ಬೇರೆ ಕಡೆಗೆ ಸಾಗಿಸಿ. ಆಮೇಲೆ ಲಾಕ್ ತೆಗೆಸಿ ಆಥ್ ಕೋಡ್ (ವರ್ಗಾವಣೆಗೆ ಬೇಕಾದ ಗುಟ್ಟಿನ ಕೋಡ್) ತೆಗೆದುಕೊಳ್ಳಿ, ಹೊಸ ಕಡೆ ಆ ಕೋಡ್ ಹಾಕಿ ದುಡ್ಡು ಕಟ್ಟಿ. ಯಾರೂ ಅಡ್ಡಿ ಮಾಡದಿದ್ದರೆ ಡಾಟ್ ಕಾಮ್ ಸುಮಾರು 5 ದಿನದಲ್ಲಿ ಬಂದು ಸೇರುತ್ತದೆ, ಅವಧಿಗೂ 1 ವರ್ಷ ಸೇರುತ್ತದೆ. ಹೊಸದಾಗಿ ತೆಗೆದ ಅಥವಾ ಈಚೆಗೆ ವರ್ಗ ಆದ ಹೆಸರನ್ನು 60 ದಿನ ಕದಲಿಸಲು ಆಗುವುದಿಲ್ಲ. ರಿಜಿಸ್ಟ್ರೆಂಟ್ ಹೆಸರು ಬದಲಾಯಿಸಿದರೂ ಇಂಥದೇ ತಡೆ ಬೀಳಬಹುದು, ಆದ್ದರಿಂದ ಯಾವುದು ಮೊದಲು ಅಂತ ರಿಜಿಸ್ಟ್ರಾರ್ ಹತ್ತಿರ ಕೇಳಿಯೇ ಮುಂದುವರಿಯಿರಿ. ಮುಗಿಯುವ ದಿನ ಹತ್ತಿರ ಇದ್ದರೆ ಮೊದಲು ನವೀಕರಿಸಿ, ವರ್ಗಾವಣೆ ಆಮೇಲೆ.

ಹಂತ 10: ಕರಾರು, ಬಾಕಿ, ಬಿಟ್ಟುಕೊಡುವುದು

ಕೊಟೇಶನ್‌ನಲ್ಲೇ ನಾಲ್ಕು ಸಾಲು ಬರೆಯಿರಿ. ಡೊಮೇನ್ ಕ್ಲೈಂಟ್‌ದು. ನವೀಕರಣದ ದುಡ್ಡು ಅವರದು, ನೆನಪಿಸುವ ಜವಾಬ್ದಾರಿ ನಮ್ಮದು. ನಿರ್ವಹಣೆಗೆ ವರ್ಷಕ್ಕೆ ಇಷ್ಟು. ಯಾವಾಗ ಕೇಳಿದರೂ 7 ದಿನದೊಳಗೆ ಎಲ್ಲ ಒಪ್ಪಿಸುತ್ತೇವೆ. ನಿರ್ವಹಣೆಗೆ ದುಡ್ಡು ಕೇಳಲು ಹಿಂಜರಿಯಬೇಡಿ, ಡೊಮೇನ್ ದರದ ಮೇಲೆ ಗುಟ್ಟಾಗಿ ಸೇರಿಸುವುದಕ್ಕಿಂತ ಬೇರೆ ಸಾಲಿನಲ್ಲಿ ನೇರವಾಗಿ ಬರೆಯುವುದು ಒಳ್ಳೆಯದು.

ಕ್ಲೈಂಟ್ ಬಾಕಿ ಇಟ್ಟುಕೊಂಡರೆ ಸಿಟ್ಟು ಬರುವುದು ಸಹಜ. ಹೊಸ ಕೆಲಸ ನಿಲ್ಲಿಸಿ, ನೋಟಿಸ್ ಕೊಡಿ, ನಿಮ್ಮ ಸರ್ವರ್‌ನಲ್ಲಿರುವ ಸೈಟ್ ಬಗ್ಗೆ ಕರಾರಿನಲ್ಲಿ ಬರೆದಂತೆ ನಡೆಯಿರಿ. ಡೊಮೇನ್ ಮಾತ್ರ ಹಿಡಿದಿಡಬೇಡಿ. ಅದು ನಿಂತರೆ ಅವರ ಇಮೇಲ್ ನಿಲ್ಲುತ್ತದೆ, ಅವರ ಗಿರಾಕಿಗಳ ಮಾತು ನಿಲ್ಲುತ್ತದೆ. ನಿಮ್ಮ ಬಾಕಿಗೂ ಅದಕ್ಕೂ ಸಂಬಂಧ ಇಲ್ಲ.

ಕ್ಲೈಂಟ್ ಬೇರೆ ಕಡೆ ಹೋಗುವಾಗ ಅವರ ಎದುರಲ್ಲೇ ಲಾಗಿನ್ ಮಾಡಿಸಿ ನೋಡಿ. ಡಿಎನ್‌ಎಸ್ ದಾಖಲೆಗಳ ಪಟ್ಟಿ, ಮುಗಿಯುವ ದಿನಾಂಕ, ಯಾವ ಯಾವ ಸೇವೆ ಎಲ್ಲಿದೆ ಅನ್ನುವುದನ್ನು ಒಂದು ಪುಟದಲ್ಲಿ ಬರೆದು ಮೇಲ್ ಮಾಡಿ. ಗೂಗಲ್ ಸರ್ಚ್ ಕನ್ಸೋಲ್‌ಗೆ ಡೊಮೇನ್ ನಮ್ಮದು ಅಂತ ತೋರಿಸಲು ಹಾಕಿದ ಟಿಎಕ್ಸ್‌ಟಿ ದಾಖಲೆ ಯಾರ ಗೂಗಲ್ ಅಕೌಂಟಿನದು ಅಂತಲೂ ಅದರಲ್ಲಿ ಬರೆಯಿರಿ. ಹೊಸಬರು ಒಳಗೆ ಬಂದು ಎಲ್ಲ ಸರಿ ಇದೆ ಅಂತ ಹೇಳಿದ ಮೇಲೆ ರಿಜಿಸ್ಟ್ರಾರ್, ಡಿಎನ್‌ಎಸ್, ಇಮೇಲ್ ಮೂರೂ ಕಡೆಯಿಂದ ನಿಮ್ಮ ಹೆಸರು ತೆಗೆಸಿ, ತೆಗೆದದ್ದಕ್ಕೆ ಅವರಿಂದ ಒಂದು ಸಾಲಿನ ಉತ್ತರ ಪಡೆದು ಶೀಟ್‌ನಲ್ಲಿ ದಿನಾಂಕ ಹಾಕಿ.